ಟೀ ಅಂಗಡಿಯಲ್ಲಿ ಮಾತ್ರ ತೆರೆಯುವ ಫೋಲ್ಡರ್: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಕುಲಸಚಿವರೇ, ಗಣಕ ಕೇಂದ್ರದ ನಿರ್ದೇಶಕರೇ,

ನಮಸ್ಕಾರ.

ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿರುವವಳು. ಯಾವ ವಿಶ್ವವಿದ್ಯಾಲಯ ಅಂತ ಬರೆಯುವುದಿಲ್ಲ. ಬೇರೆ ಬೇರೆ ಕಡೆ ಓದುತ್ತಿರುವ ಗೆಳತಿಯರನ್ನು ವಿಚಾರಿಸಿದೆ. ಅವರ ಕಥೆಯೂ ಹೆಚ್ಚುಕಡಿಮೆ ಇದೇ. ಹಾಗಾಗಿ ಈ ಪತ್ರ ಓದಿದ ಯಾರಾದರೂ "ಇದು ನಮಗೇ ಬರೆದದ್ದು" ಅಂದುಕೊಂಡರೆ ನನ್ನದೇನೂ ತಕರಾರಿಲ್ಲ.

ವಿಷಯ ಝಡ್ ಡ್ರೈವ್.

ಸೇರಿದ ದಿನ ಪ್ರತಿಯೊಬ್ಬರಿಗೂ ಒಂದು ಯೂಸರ್ ನೇಮ್, ಒಂದು ಪಾಸ್‌ವರ್ಡ್ ಕೊಡುತ್ತೀರಿ. ಜೊತೆಗೆ ಸರ್ವರ್‌ನಲ್ಲಿ ಒಂದು ಫೋಲ್ಡರ್. ಲ್ಯಾಬಿನ ಯಾವ ಕಂಪ್ಯೂಟರ್ ಮುಂದೆ ಕೂತು ಲಾಗಿನ್ ಆದರೂ ಅದು ಝಡ್ ಡ್ರೈವ್ ಅಂತ ಕಾಣುತ್ತದೆ. ಕಂಪ್ಯೂಟರ್ ಕೆಟ್ಟರೂ ಫೈಲ್ ಹೋಗುವುದಿಲ್ಲ. "ನಿಮ್ಮ ಕೆಲಸವನ್ನೆಲ್ಲ ಇದರಲ್ಲೇ ಇಡಿ, ಡೆಸ್ಕ್‌ಟಾಪ್ ಮೇಲೆ ಇಡಬೇಡಿ" ಅಂತ ಲ್ಯಾಬಿನ ಗೋಡೆ ಮೇಲೆ ಲ್ಯಾಮಿನೇಟ್ ಮಾಡಿ ಅಂಟಿಸಿದ್ದೀರಿ. ನಾನು ಹೇಳಿದ ಮಾತು ಕೇಳುವ ಜಾತಿ. ಎಲ್ಲವನ್ನೂ ಅದರಲ್ಲೇ ಇಟ್ಟೆ.

ಎಲ್ಲ ಅಂದರೆ 60 ಗಂಟೆಯ ಧ್ವನಿಮುದ್ರಣ. ತೀರ್ಥಹಳ್ಳಿ, ಹೊಸನಗರದ ಕಡೆಯ ಹಿರಿಯರು ಗದ್ದೆ, ತೋಟ, ದನ, ಮಳೆ ಬಗ್ಗೆ ಆಡುವ ಮಾತು. ವೇವ್ ಫೈಲ್‌ಗಳಾದ್ದರಿಂದ ಗಂಟೆಗೆ 600 ಎಂಬಿ ಮೀರುತ್ತದೆ. ಒಟ್ಟು 38 ಜಿಬಿ. ಮೊದಲು ಕೊಟ್ಟಿದ್ದ ಜಾಗ 10 ಜಿಬಿ. ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಅರ್ಜಿ ಕೊಟ್ಟ ಮೇಲೆ 50 ಆಯಿತು. ಅದಕ್ಕೆ ನಿಜವಾಗಿಯೂ ಥ್ಯಾಂಕ್ಸ್.

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಅಪ್ಪ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡರು. ನಾನು ಊರಲ್ಲೇ ಉಳಿದೆ. ಒಂದು ಶನಿವಾರ ಮಧ್ಯಾಹ್ನ ಗೈಡ್ ಫೋನ್ ಮಾಡಿದರು. ಪ್ರಗತಿ ವರದಿಯ ಜೊತೆ ಮೂರನೇ ಅಧ್ಯಾಯವನ್ನೂ ಸೋಮವಾರ ಬೆಳಿಗ್ಗೆಯೊಳಗೆ ಕಳಿಸಬೇಕಂತೆ. ಫೆಲೋಶಿಪ್ ಬಿಲ್ಲು ಅದರ ಮೇಲೇ ನಿಂತಿದೆಯಂತೆ. ಅಧ್ಯಾಯ ರೆಡಿ ಇತ್ತು. ಇದ್ದದ್ದು ಮಾತ್ರ ಝಡ್ ಡ್ರೈವ್‌ನಲ್ಲಿ.

ನಮ್ಮ ಮನೆಯಲ್ಲಿ ಸಿಗ್ನಲ್ ಬರಬೇಕಾದರೆ ಗುಡ್ಡ ಹತ್ತಬೇಕು. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಹತ್ತಿದೆ. ಬಂಡೆ ಮೇಲೆ ಕೂತು ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ಎರಡು ಬ್ಯಾಕ್‌ಸ್ಲ್ಯಾಶ್ ಹೊಡೆದು, ಸರ್ವರ್ ಹೆಸರು ಬರೆದು ಎಂಟರ್ ಒತ್ತಿದೆ. ಹಸಿರು ಪಟ್ಟಿ ಮೆಲ್ಲಗೆ ತೆವಳುತ್ತಾ ಹೋಯಿತು. ಒಂದು ನಿಮಿಷ ಆದ ಮೇಲೆ "ನೆಟ್‌ವರ್ಕ್ ಪಾತ್ ವಾಸ್ ನಾಟ್ ಫೌಂಡ್" ಅಂತ ಬಂತು. ಸಿಗ್ನಲ್ ಸಾಲದೇನೋ ಅಂತ ಇನ್ನೂ ಮೇಲಕ್ಕೆ ಹೋದೆ. ಅಲ್ಲೂ ಅದೇ. ಕ್ಯಾಂಪಸ್ ಹೊರಗಿಂದ ಇದು ತೆರೆಯುವುದೇ ಇಲ್ಲ ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಗೋಡೆ ಮೇಲಿನ ಆ ಲ್ಯಾಮಿನೇಟೆಡ್ ಹಾಳೆಯಲ್ಲಿ ಆ ಸಾಲು ಇರಲಿಲ್ಲ.

ರಾತ್ರಿ ಬಸ್ಸು ಹತ್ತಿದೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ಕ್ಯಾಂಪಸ್ ಗೇಟಲ್ಲಿ ಇಳಿದೆ. ವಿಭಾಗಕ್ಕೆ ಬೀಗ. ಕೀ ಅಟೆಂಡರ್ ಹತ್ತಿರ, ಅಟೆಂಡರ್ ದಾವಣಗೆರೆಯಲ್ಲಿ ಮದುವೆಗೆ. ಮೆಟ್ಟಿಲ ಮೇಲೆ ಕೂತು ವೈಫೈ ಹಿಡಿಯೋಣ ಅಂದರೆ ಭಾನುವಾರ ವಿಭಾಗದ ಮೇನ್ ಸ್ವಿಚ್ಚೇ ಆಫ್. ಹಾಸ್ಟೆಲ್ ಖಾಲಿ ಮಾಡಿ ಆಗಲೇ ಮೂರು ತಿಂಗಳಾಗಿತ್ತು, ಹಾಗಾಗಿ ಒಳಗೆ ಬಿಡುವ ಹಾಗಿಲ್ಲ. ಗೇಟಿನ ಸೆಕ್ಯುರಿಟಿಯವರು ನನ್ನ ಮುಖ ನೋಡಿ ಕೇಳಿದರು, "ಫೈಲ್ ಬೇಕಿತ್ತಾ ಮೇಡಂ?" ಹೌದು ಅಂದೆ. "ಹಿಂದಿನ ಗೇಟಿನ ಟೀ ಅಂಗಡಿಗೆ ಹೋಗಿ. ಎಲ್ಲ ಅಲ್ಲೇ ಕೂರ್ತಾರೆ."

ಹೋದೆ. ಅಂಗಡಿ ಇರುವುದು ಕಾಂಪೌಂಡಿನ ಹೊರಗೆ, ರಸ್ತೆ ಬದಿಯಲ್ಲಿ. ಗೋಡೆಯ ಆಚೆ ಹುಡುಗರ ಹಾಸ್ಟೆಲ್. ಅದರ ಎರಡನೇ ಮಹಡಿಯ ವೈಫೈ ಗೋಡೆ ಹಾರಿ ಅಂಗಡಿಯ ಎಡಗಡೆಯ ಬೆಂಚಿನವರೆಗೆ ಬರುತ್ತದೆ. ಬಲಗಡೆ ಬೆಂಚಿಗೆ ಬರುವುದಿಲ್ಲ. ಅಲ್ಲಿ ಆಗಲೇ ಇಬ್ಬರು ಲ್ಯಾಪ್‌ಟಾಪ್ ಬಿಡಿಸಿ ಕೂತಿದ್ದರು. ನನಗೂ ಜಾಗ ಮಾಡಿಕೊಟ್ಟರು. ಲಾಗಿನ್ ಆದೆ. ಝಡ್ ಡ್ರೈವ್ ಚಕ್ಕಂತ ತೆರೆಯಿತು. ಫೈಲ್ 1.8 ಎಂಬಿ. ಕಾಪಿ ಆಗಲು ಎರಡು ಸೆಕೆಂಡ್ ಬೇಕಾಯಿತೋ ಇಲ್ಲವೋ. ಎರಡು ಟೀ ಕುಡಿದು, ಗೈಡ್‌ಗೆ ಮೇಲ್ ಮಾಡಿ, ಹತ್ತು ಗಂಟೆ ಬಸ್ಸಿಗೆ ವಾಪಸ್ ಹೊರಟೆ.

ಬಸ್ಸಿನಲ್ಲಿ ಕೂತು ಯೋಚಿಸಿದ್ದು ಇಷ್ಟೇ. ಗುಡ್ಡದ ಮೇಲೆ ಇದ್ದವಳೂ ನಾನೇ, ಬೆಂಚಿನ ಮೇಲೆ ಕೂತವಳೂ ನಾನೇ. ಅದೇ ಲ್ಯಾಪ್‌ಟಾಪ್, ಅದೇ ಪಾಸ್‌ವರ್ಡ್. ಸರ್ವರ್ ಕೇಳುತ್ತಿರುವುದು "ನೀನು ಯಾರು" ಅಂತ ಅಲ್ಲ, "ಎಲ್ಲಿ ಕೂತಿದ್ದೀಯ" ಅಂತ. ಆ ಪ್ರಶ್ನೆಗೂ ಅದಕ್ಕೆ ಸರಿಯಾದ ಉತ್ತರ ಸಿಗುತ್ತಿಲ್ಲ. ಯಾಕೆಂದರೆ ಟೀ ಅಂಗಡಿ ಕ್ಯಾಂಪಸ್ ಅಲ್ಲ.

ಇದಾದ ಮೇಲೆ ಗಣಕ ಕೇಂದ್ರಕ್ಕೆ ಹೋಗಿ ಕೇಳಿದೆ. ಅಲ್ಲಿ ಕೂತಿದ್ದ ಸರ್ ಒಳ್ಳೆಯವರು. ಇಡೀ ಕ್ಯಾಂಪಸ್ಸಿಗೆ ಅವರೂ ಸೇರಿ ಮೂರೇ ಜನ. ಅವರ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಅವರು ಹೇಳಿದ ಮೊದಲ ಕಾರಣ ನನಗೂ ಒಪ್ಪಿಗೆಯಾಯಿತು. ಝಡ್ ಡ್ರೈವ್ ಕೆಲಸ ಮಾಡುವುದು ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಎಸ್‌ಎಂಬಿ ಅನ್ನುವ ಪದ್ಧತಿಯಲ್ಲಿ, 445ನೇ ಪೋರ್ಟ್ ಮೂಲಕ. ಪೋರ್ಟ್ ಅಂದರೆ ಸರ್ವರ್‌ನ ನಂಬರ್ ಹಾಕಿದ ಬಾಗಿಲು ಅಂದುಕೊಳ್ಳಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ಪಿಡುಗು ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳಿತಲ್ಲ, ಅದು ಹರಡಿದ್ದು ಇದೇ ದಾರಿಯಲ್ಲಿ. ಹಾಗಾಗಿ ಆ ಪೋರ್ಟನ್ನು ಹೊರಜಗತ್ತಿಗೆ ತೆರೆದಿಡುವುದು ಹುಚ್ಚುತನ. ಅದನ್ನು ತೆರೆಯಿರಿ ಅಂತ ನಾನು ಕೇಳುತ್ತಲೂ ಇಲ್ಲ.

ಕೇಳಿದ್ದು ವಿಪಿಎನ್. ಗೊತ್ತಿಲ್ಲದವರಿಗೆ ನಮ್ಮ ಕಡೆಯ ಲೆಕ್ಕದಲ್ಲಿ ಹೇಳುತ್ತೇನೆ. ಹಿಂದೆ ಗುಡ್ಡದ ಅಬ್ಬಿಯಿಂದ ಮನೆಗೆ ನೀರು ತರುತ್ತಿದ್ದದ್ದು ಅಡಿಕೆ ಮರದ ದಬ್ಬೆ ಜೋಡಿಸಿ. ಮೇಲೆ ತೆರೆದಿರುತ್ತಿತ್ತು. ದಾರಿಯಲ್ಲಿ ಎಲೆ ಬೀಳುತ್ತಿತ್ತು, ದನ ಬಾಯಿ ಹಾಕುತ್ತಿತ್ತು. ಆಮೇಲೆ ಕಪ್ಪು ಪೈಪ್ ಬಂತು. ಅದೂ ಅದೇ ತೋಟ, ಅದೇ ಬೇಲಿ ದಾಟಿಯೇ ಬರುತ್ತದೆ. ಆದರೆ ಒಳಗಿನ ನೀರನ್ನು ಯಾರೂ ಮುಟ್ಟುವ ಹಾಗಿಲ್ಲ. ವಿಪಿಎನ್ ಆ ಪೈಪ್. ಗುಡ್ಡದ ಮೇಲೆ ಕೂತವಳ ಲ್ಯಾಪ್‌ಟಾಪಿನಿಂದ ಕ್ಯಾಂಪಸ್ ಒಳಗಿನವರೆಗೆ ಒಂದು ಮುಚ್ಚಿದ ಪೈಪ್ ಎಳೆದರೆ 445ನೇ ಪೋರ್ಟನ್ನು ಹೊರಗೆ ತೆರೆಯುವ ಪ್ರಶ್ನೆಯೇ ಬರುವುದಿಲ್ಲ.

"ವಿಪಿಎನ್ ಇದೆಯಮ್ಮ," ಅಂದರು ಅವರು. "ಆದ್ರೆ ಪ್ರೊಫೆಸರ್‌ಗಳಿಗೆ ಮಾತ್ರ. ಫೈರ್‌ವಾಲ್ ಕಂಪನಿಯವರು ಕೊಟ್ಟಿರೋ ಲೈಸೆನ್ಸೇ 50." ಆ 50ರಲ್ಲಿ ಎಷ್ಟು ಬಳಕೆಯಲ್ಲಿದೆ ಅಂತ ಕೇಳಿದೆ. ಅವರು ನಕ್ಕರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: "ವಿಪಿಎನ್ ಕೊಡೋಕೆ ಈಗ ಸರ್ಕಾರದ ರೂಲ್ಸ್ ಬೇರೆ ಇದೆ."

ಈ ಎರಡನೇ ಮಾತನ್ನು ಹುಡುಕಿ ಓದಿದೆ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಅದು. ವಿಪಿಎನ್ ಸೇವೆ ಮಾರುವ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಅಂತ ಅದರಲ್ಲಿದೆ. ಅದೇ ವರ್ಷ ಮೇ ತಿಂಗಳಲ್ಲಿ ಪ್ರಶ್ನೋತ್ತರ ರೂಪದಲ್ಲಿ ಸ್ಪಷ್ಟನೆಯನ್ನೂ ಕೊಟ್ಟರು. ಸಂಸ್ಥೆಗಳು ತಮ್ಮ ಒಳಗಿನ ಕೆಲಸಕ್ಕೆ ನಡೆಸುವ ವಿಪಿಎನ್‌ಗೆ ಆ ಮಾತು ಅನ್ವಯಿಸುವುದಿಲ್ಲ ಅಂತ. ಲಾಗ್‌ಗಳನ್ನು 180 ದಿನ ಇಡಬೇಕು ಅನ್ನುವ ನಿಯಮ ಇದೆ, ನಿಜ. ಯಾರು ಯಾವಾಗ ಒಳಗೆ ಬಂದರು ಅಂತ ಬರೆದಿಡುವುದು ಒಳ್ಳೆಯದೇ ಅಲ್ವಾ? ಟೀ ಅಂಗಡಿಯ ಬೆಂಚಿನ ಮೇಲೆ ಯಾರು ಕೂತಿದ್ದರು ಅಂತ ತಮ್ಮ ಯಾವ ಲಾಗೂ ಹೇಳುವುದಿಲ್ಲ.

ಲೈಸೆನ್ಸ್ ವಿಷಯಕ್ಕೆ ಬಂದರೆ, ದುಡ್ಡು ಕೊಟ್ಟು ತರಬೇಕಾದ್ದೇನಿಲ್ಲ. ಓಪನ್‌ವಿಪಿಎನ್ ಅನ್ನುವ ವಿಪಿಎನ್ ತಂತ್ರಾಂಶ 2001ರಿಂದ ಇದೆ. ವೈರ್‌ಗಾರ್ಡ್ ಅನ್ನುವ ಇನ್ನೊಂದು, ಸರ್ವರ್‌ಗಳನ್ನು ನಡೆಸುವ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನ ತಿರುಳಿಗೇ ಸೇರಿಕೊಂಡಿದೆ. ಎರಡೂ ಉಚಿತ. ಒಂದು ತಮಾಷೆ ಗೊತ್ತಾ? ವೈರ್‌ಗಾರ್ಡ್ ಒಳಗೊಂಡ ಲಿನಕ್ಸ್ 5.6 ಬಿಡುಗಡೆಯಾದದ್ದು 2020ರ ಮಾರ್ಚ್ ಕೊನೆಯಲ್ಲಿ. ದೇಶದಲ್ಲಿ ಲಾಕ್‌ಡೌನ್ ಶುರುವಾಗಿ ಒಂದು ವಾರವೂ ಆಗಿರಲಿಲ್ಲ. ಹಾಸ್ಟೆಲ್ ಖಾಲಿ ಮಾಡಿಸಿ ಎಲ್ಲರನ್ನೂ ಊರಿಗೆ ಕಳಿಸಿದ್ದ ಹೊತ್ತು ಅದು. ನನ್ನ ಸೀನಿಯರ್‌ಗಳು ತಿಂಗಳುಗಟ್ಟಲೆ ತಮ್ಮ ಫೈಲ್ ಮುಖ ನೋಡಲಿಲ್ಲ. ಅವತ್ತೇ ಈ ಪಾಠ ಕಲಿಯಬೇಕಿತ್ತು. ಬಾಗಿಲು ತೆರೆದ ತಕ್ಷಣ ಮರೆತುಬಿಟ್ಟೆವು.

ಸುರಕ್ಷತೆ ಅಂತ ಬಾಗಿಲು ಮುಚ್ಚಿದ್ದೀರಿ, ಸರಿ. ಮುಚ್ಚಿದ್ದರಿಂದ ಏನಾಗುತ್ತಿದೆ ಅಂತ ಯಾರಾದರೂ ಒಂದು ದಿನ ಲ್ಯಾಬಿಗೆ ಬಂದು ನೋಡಿದ್ದೀರಾ? ಶುಕ್ರವಾರ ಸಂಜೆ ನಾಲ್ಕಕ್ಕೆ ಬನ್ನಿ. ಊರಿಗೆ ಹೊರಟವರೆಲ್ಲ ಝಡ್ ಡ್ರೈವ್‌ನಿಂದ ಪೆನ್ ಡ್ರೈವ್‌ಗೆ ತುಂಬಿಕೊಳ್ಳುತ್ತಿರುತ್ತಾರೆ. ಆ ಪೆನ್ ಡ್ರೈವ್ ಮರುದಿನ ಊರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿಂದ ತೆಗೆದರೆ ವೈರಸ್ ಹತ್ತಿ ಒಳಗಿನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಸೋಮವಾರ ಅದೇ ಪೆನ್ ಡ್ರೈವ್ ಮತ್ತೆ ಲ್ಯಾಬಿಗೆ. ಹೊರಗಿಂದ ನೆಟ್‌ವರ್ಕ್ ಮೂಲಕ ವೈರಸ್ ಬರಬಾರದು ಅಂತ ತಾವು ಗೇಟ್ ಹಾಕಿದಿರಿ. ಅದು ನಮ್ಮ ಜೇಬಿನಲ್ಲಿ ಕೂತು ಸೆಕ್ಯುರಿಟಿಯವರಿಗೆ ನಮಸ್ಕಾರ ಹೊಡೆದು ಒಳಗೆ ಬರುತ್ತಿದೆ.

ಪೆನ್ ಡ್ರೈವ್ ಇಲ್ಲದವರು ವಾಟ್ಸಾಪ್‌ನಲ್ಲಿ ತಮಗೆ ತಾವೇ ಕಳಿಸಿಕೊಳ್ಳುತ್ತಾರೆ. ಇನ್ನು ಕೆಲವರು ಗೆಳೆಯರ ಜಿಮೇಲ್‌ಗೆ.

ನನಗೆ ಇದು ಚುಚ್ಚಿದ್ದು ಒಬ್ಬ ಅಜ್ಜಿಯಿಂದ. ಹೊಸನಗರದ ಹತ್ತಿರದ ಒಂದು ಹಳ್ಳಿ. ಎರಡು ದಿನ ಅವರ ಜಗಲಿಯಲ್ಲಿ ಕೂತು ಮಾತು ರೆಕಾರ್ಡ್ ಮಾಡಿದ್ದೆ. ನಾಟಿಯ ಹಾಡು, ಸೊಸೆಯ ಮೇಲಿನ ದೂರು, ಸತ್ತ ಮಗನ ಸುದ್ದಿ, ಎಲ್ಲ ಬಂದಿತ್ತು. ಕೊನೆಗೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಕೇಳಿದರು, "ನನ್ನ ದನಿ ಎಲ್ಲಿಡ್ತೀಯ ಮಗಾ?" ಯೂನಿವರ್ಸಿಟಿ ಕಂಪ್ಯೂಟರಲ್ಲಿ ಅಜ್ಜಿ, ಅಂದೆ. "ಅದಕ್ಕೆ ಬೀಗ ಉಂಟಾ?" ಉಂಟು ಅಂದೆ. "ಹಂಗಾರೆ ಅಡ್ಡಿಲ್ಲ." ಒಪ್ಪಿಗೆ ಪತ್ರದಲ್ಲೂ ಅದೇ ಬರೆದಿದೆ, ತಮ್ಮದೇ ನಮೂನೆ ಅದು: ದತ್ತಾಂಶವನ್ನು ವಿಶ್ವವಿದ್ಯಾಲಯದ ಸರ್ವರ್‌ನಲ್ಲಿ ಭದ್ರವಾಗಿ ಇಡಲಾಗುವುದು. ಆ ರಾತ್ರಿ ಬಸ್ಸಿನ ನಂತರ ನಾನೂ ಎಲ್ಲರ ಹಾಗೆ ಆದೆ. ಅಜ್ಜಿಯ ದನಿ ಈಗ ನನ್ನ ಬ್ಯಾಗಿನ ಮುಂದಿನ ಜಿಪ್‌ನಲ್ಲಿ, ಹಳೇ ಬಸ್ ಟಿಕೆಟ್ ಮತ್ತು ಒಂದು ಪೆಪ್ಪರ್‌ಮೆಂಟಿನ ಜೊತೆ ಓಡಾಡುತ್ತಿದೆ. ಅದಕ್ಕೆ ಬೀಗ ಇಲ್ಲ.

"ಅಷ್ಟೊಂದು ಕಷ್ಟ ಯಾಕೆ, ಯೂನಿವರ್ಸಿಟಿ ಮೇಲ್ ಐಡಿಯ ಗೂಗಲ್ ಡ್ರೈವ್‌ನಲ್ಲಿ ಇಡಿ" ಅಂತ ಒಬ್ಬ ಪ್ರಾಧ್ಯಾಪಕರು ಹೇಳಿದರು. ಆ ಕಾಲ ಮುಗಿಯಿತು. ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಜಾಗವನ್ನು ನಿಲ್ಲಿಸುತ್ತೇವೆ ಅಂತ ಗೂಗಲ್ 2021ರಲ್ಲೇ ಹೇಳಿತು. ಹಳೆಯ ಗ್ರಾಹಕರಿಗೆ 2022ರ ಜುಲೈಯಿಂದ ಇಡೀ ಸಂಸ್ಥೆಗೆ ಸೇರಿ 100 ಟಿಬಿ. 20,000 ಜನ ಇರುವ ವಿಶ್ವವಿದ್ಯಾಲಯದಲ್ಲಿ ಹಂಚಿದರೆ ತಲೆಗೆ 5 ಜಿಬಿ. ಅದರಲ್ಲೇ ಮೇಲ್ ಕೂಡ. ನನ್ನ 38 ಜಿಬಿಗೆ ಏಳೆಂಟು ಜನರ ಪಾಲು ಬೇಕು.

ಮಧ್ಯೆ ಒಂದು ಸಣ್ಣ ವಿಷಯ. ತಮಗೆ ಸಣ್ಣದು, ನನಗೆ ದೊಡ್ಡದು. ನಾನು ಫೈಲ್‌ಗಳಿಗೆ ಕನ್ನಡದಲ್ಲೇ ಹೆಸರಿಡುತ್ತೇನೆ. ಕನ್ನಡದ ಮಾತಿನ ಮೇಲೆ ಸಂಶೋಧನೆ ಮಾಡುತ್ತಾ ಇಂಗ್ಲಿಷಿನಲ್ಲಿ ಹೆಸರಿಡಲು ಮನಸ್ಸಾಗುವುದಿಲ್ಲ. ಒಂದು ಫೈಲಿನ ಹೆಸರು "ಹೊಸನಗರ ಸೀಮೆಯ ಹೆಂಗಸರು ನಾಟಿ ಗದ್ದೆಯಲ್ಲಿ ಹಾಡುವ ಹಾಡು ಎರಡನೇ ಭಾಗ". ಒಂಬತ್ತು ಪದ. ಝಡ್ ಡ್ರೈವ್‌ಗೆ ಹಾಕಲು ಹೋದರೆ ಹೆಸರು ಉದ್ದವಾಯಿತು ಅಂತ ವಾಪಸ್ ಮಾಡಿತು. ಸಹಾಯ ಕೇಳಿದರೆ "ಇಂಗ್ಲಿಷಲ್ಲಿ ಹೆಸರಿಡಿ, ಹೋಗುತ್ತೆ" ಅಂದರು. ಹೋಯಿತು ಕೂಡ.

ಕಾರಣ ಆಮೇಲೆ ಗೊತ್ತಾಯಿತು. ಇಂಥ ಸರ್ವರ್‌ಗಳು ಹೆಸರಿನ ಉದ್ದವನ್ನು ಅಳೆಯುವುದು ಅಕ್ಷರದಲ್ಲಿ ಅಲ್ಲ, ಬೈಟ್‌ನಲ್ಲಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಚಿಹ್ನೆಗೂ ಮೂರು. ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. "ಸ್ತ್ರೀ" ಅಂತ ಒಂದೇ ಅಕ್ಷರ ಬರೆದರೆ ಸ, ತ, ರ, ಎರಡು ಹಲಂತ, ಒಂದು ದೀರ್ಘ ಸೇರಿ 18 ಬೈಟ್! ಸಾಮಾನ್ಯವಾಗಿ ಲಿನಕ್ಸ್ ಸರ್ವರ್‌ಗಳಲ್ಲಿ ಹೆಸರಿಗೆ 255 ಬೈಟ್‌ವರೆಗೆ ಜಾಗ ಇರುತ್ತದೆ. ಆದರೆ ಕೆಲವು ಸ್ಟೋರೇಜ್ ಪೆಟ್ಟಿಗೆಗಳಲ್ಲಿ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡಿದರೆ, ಅಂದರೆ ಬೇರೆಯವರು ಓದಲಾಗದ ಗುಪ್ತಲಿಪಿಗೆ ಬದಲಿಸಿದರೆ, ಅದು 143ಕ್ಕೆ ಇಳಿಯುತ್ತದೆ. ಅಂದರೆ ಕನ್ನಡದಲ್ಲಿ 47 ಚಿಹ್ನೆ. ನನ್ನ ನಾಟಿ ಹಾಡಿನ ಹೆಸರು ಕೊನೆಯ .wav ಬಾಲವೂ ಸೇರಿ 159 ಬೈಟ್. ಬೆರಳು ಮಡಚಿ ಎಣಿಸಿದ್ದೇನೆ. ಎನ್‌ಕ್ರಿಪ್ಟ್ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಮುಂದಿನ ಟೆಂಡರ್ ಕರೆಯುವಾಗ ಒಂದು ಸಾಲು ಸೇರಿಸಿ: ಉದ್ದನೆಯ ಕನ್ನಡ ಹೆಸರಿನ ಫೈಲ್ ಹಾಕಿ, ತೆಗೆದು, ಹೆಸರು ಹಾಗೇ ಉಳಿದಿದೆಯಾ ಅಂತ ತೋರಿಸಬೇಕು. ಕರ್ನಾಟಕದ ವಿಶ್ವವಿದ್ಯಾಲಯ ಇದನ್ನು ಕೇಳದಿದ್ದರೆ ಇನ್ಯಾರು ಕೇಳಬೇಕು?

ಪಾಸ್‌ವರ್ಡ್ ವಿಷಯವನ್ನೂ ಬೇಗ ಹೇಳಿಬಿಡುತ್ತೇನೆ. 90 ದಿನಕ್ಕೊಮ್ಮೆ ಬದಲಿಸಬೇಕು. ಬದಲಿಸುವ ಪುಟ ತೆರೆಯುವುದು ಕ್ಯಾಂಪಸ್ ಒಳಗೆ ಮಾತ್ರ. ಊರಲ್ಲಿದ್ದಾಗ 90 ದಿನ ಮುಗಿದರೆ ಖಾತೆ ಲಾಕ್, ಆಮೇಲೆ ಐಡಿ ಕಾರ್ಡ್ ಹಿಡಿದು ಖುದ್ದಾಗಿ ಬರಬೇಕು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ, ಕಾರಣವಿಲ್ಲದೆ ಹೀಗೆ ಅವಧಿ ಹಾಕಿ ಬದಲಿಸಲು ಹೇಳಬೇಡಿ ಅಂತ. ಬದಲಿಸಿದವರು ಕೊನೆಯ 1 ತೆಗೆದು 2 ಹಾಕುತ್ತಾರೆ ಅಷ್ಟೇ. ನನ್ನದು ಈಗ 9ಕ್ಕೆ ಬಂದಿದೆ.

ನಾನು ಕೇಳುತ್ತಿರುವುದು ಹೊಸದೇನಲ್ಲ. ಹೀಗೆ ಎಲ್ಲಿ ಕೂತರೂ ತನ್ನ ಫೈಲ್ ಸಿಗಬೇಕು ಅನ್ನುವ ಯೋಚನೆ ದೊಡ್ಡದಾಗಿ ಬೆಳೆದದ್ದೇ ವಿಶ್ವವಿದ್ಯಾಲಯಗಳಲ್ಲಿ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಅಥೀನಾ ಯೋಜನೆ ಶುರುವಾಯಿತು. ಅದೇ ಹೊತ್ತಿಗೆ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್‌ನಲ್ಲಿ ಐಬಿಎಂ ಜೊತೆ ಸೇರಿ ಆಂಡ್ರ್ಯೂ ಯೋಜನೆ. ಅಲ್ಲಿ ಹುಟ್ಟಿದ ಆಂಡ್ರ್ಯೂ ಫೈಲ್ ಸಿಸ್ಟಂ ಕಟ್ಟಿದವರಲ್ಲಿ ಮುಖ್ಯರಾದವರು ಮಹದೇವ್ ಸತ್ಯನಾರಾಯಣನ್, ನಮ್ಮ ಪಕ್ಕದ ಮದ್ರಾಸ್ ಐಐಟಿಯಲ್ಲಿ ಓದಿ ಹೋದವರು. ಅವರ ಕಾಲದಲ್ಲಿ ನೆಟ್‌ವರ್ಕ್ ನಮ್ಮ ಗುಡ್ಡದ ಸಿಗ್ನಲ್‌ಗಿಂತ ದೊಡ್ಡದೇನೂ ಇರಲಿಲ್ಲ. ಅದಕ್ಕೇ ಫೈಲನ್ನು ಒಮ್ಮೆ ತಂದು ಕೂತವರ ಕಂಪ್ಯೂಟರಿನಲ್ಲೇ ಇಟ್ಟು, ಬದಲಾದಾಗ ಮಾತ್ರ ವಾಪಸ್ ಕಳಿಸುವ ಉಪಾಯ ಮಾಡಿದರು. ಇನ್ನು ಲಿನಕ್ಸ್ ಸರ್ವರ್‌ಗಳು ವಿಂಡೋಸ್‌ಗೆ ಡ್ರೈವ್ ಆಗಿ ಕಾಣುವ ಹಾಗೆ ಮಾಡುವ ಸಾಂಬಾ ಇದೆಯಲ್ಲ, ಅದನ್ನು ಶುರು ಮಾಡಿದ್ದು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ, ಆಂಡ್ರ್ಯೂ ಟ್ರಿಜೆಲ್. ತನ್ನ ಫೈಲ್ ತನ್ನ ಕಂಪ್ಯೂಟರಿಗೆ ಬರಲಿಲ್ಲ ಅನ್ನುವ ಕಿರಿಕಿರಿಯೇ ಅದಕ್ಕೂ ಕಾರಣ. ನನಗೆ ಅಷ್ಟು ಬುದ್ಧಿ ಇಲ್ಲ, ಹಾಗಾಗಿ ಪತ್ರ ಬರೆಯುತ್ತಿದ್ದೇನೆ.

"ಫೈಲ್ ನಮ್ಮ ಹತ್ರ ಸೇಫ್ ಆಗಿದೆ, ನಿಮಗೆ ಬೇಕಾದಾಗ ಬಂದು ನೋಡಿ" ಅಂತ ಹೇಳುವವರಿಗೆ ಎರಡು ಘಟನೆ ನೆನಪಿಸುತ್ತೇನೆ. 2016ರ ಅಕ್ಟೋಬರ್ 17ರಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸ್ಟೋರೇಜ್ ಕೆಟ್ಟು ಕೂತಿತು. ಹಂಚಿಕೊಂಡ ಡ್ರೈವ್‌ಗಳ ಕೆಲವು ಭಾಗ ಟೇಪಿಗೆ ಬ್ಯಾಕಪ್ ಆಗಿರಲೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಸ್ಟೋರೇಜಿನಿಂದ ಸುಮಾರು 77 ಟಿಬಿ ಅಳಿಸಿಹೋಯಿತು. ಸುಮಾರು 3 ಕೋಟಿ 40 ಲಕ್ಷ ಫೈಲ್, 14 ಸಂಶೋಧನಾ ತಂಡ. ಅದರಲ್ಲಿ 4 ತಂಡದ್ದು ವಾಪಸ್ ತರಲು ಆಗಲೇ ಇಲ್ಲ. ಅಳಿಸಿದ್ದು ಯಾವ ಕಳ್ಳನೂ ಅಲ್ಲ, ಬ್ಯಾಕಪ್ ಮಾಡುವ ಪ್ರೋಗ್ರಾಮಿನಲ್ಲೇ ಆದ ತಪ್ಪು. ಕಾಯಲು ಇಟ್ಟವನೇ ಬೆಳೆ ಮೇಯ್ದ ಹಾಗೆ.

ಅಂಥ ದೊಡ್ಡ ಜಾಗಗಳಲ್ಲೇ ಹೀಗಾಗುತ್ತದೆ ಅಂದಮೇಲೆ ಮೂರು ಜನರ ಗಣಕ ಕೇಂದ್ರವನ್ನು ಬೈಯುವುದರಲ್ಲಿ ಅರ್ಥವಿಲ್ಲ. ನಾನು ಹೇಳುವುದು ಬೇರೆ. ನನ್ನ ಫೈಲ್ ನನಗೆ ಎಲ್ಲಿಂದಾದರೂ ಸಿಕ್ಕಿದರೆ, ವಾರಕ್ಕೊಮ್ಮೆ ಮನೆಯ ಹಾರ್ಡ್ ಡಿಸ್ಕಿಗೆ ನಾನೇ ಒಂದು ಪ್ರತಿ ಇಳಿಸಿಕೊಳ್ಳುತ್ತೇನೆ. ತಮ್ಮಲ್ಲಿ ಹೋದರೆ ನನ್ನಲ್ಲಿ ಇರುತ್ತದೆ, ನನ್ನಲ್ಲಿ ಹೋದರೆ ತಮ್ಮಲ್ಲಿ. ಬಾಗಿಲು ಮುಚ್ಚಿದಷ್ಟೂ ಇರುವ ಒಂದೇ ಪ್ರತಿಯ ಭಾರವೆಲ್ಲ ತಮ್ಮ ತಲೆ ಮೇಲೇ ಬೀಳುತ್ತದೆ.

ಒಂದೊಂದು ವಿಶ್ವವಿದ್ಯಾಲಯಕ್ಕೂ ಇದನ್ನೆಲ್ಲ ಒಬ್ಬೊಬ್ಬರೇ ಮಾಡುವುದು ಕಷ್ಟ ಅನ್ನುವುದಾದರೆ ಸೇರಿ ಮಾಡಬಹುದಲ್ಲ. ಜರ್ಮನಿಯ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದ ವಿಶ್ವವಿದ್ಯಾಲಯಗಳು 2015ರಲ್ಲಿ ಒಟ್ಟಾಗಿ ಶೀಬೋ ಅನ್ನುವ ಸ್ಟೋರೇಜ್ ಶುರು ಮಾಡಿದವು. ನೋಡಿಕೊಳ್ಳುವುದು ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯ. ತಲೆಗೆ 30 ಜಿಬಿ. ಕೆಳಗಿರುವುದು ಉಚಿತ ತಂತ್ರಾಂಶ. ತೆರೆಯುವುದು ಸಾಮಾನ್ಯ ಬ್ರೌಸರ್‌ನಲ್ಲಿ, ಬ್ಯಾಂಕಿನ ಪುಟ ತೆರೆಯುವ ಅದೇ 443ನೇ ಪೋರ್ಟ್‌ನಲ್ಲಿ. ವಿಪಿಎನ್ ಕೂಡ ಬೇಡ. ಡೇಟಾ ಇರುವುದು ಅವರದೇ ಕಟ್ಟಡಗಳಲ್ಲಿ, ಯಾವ ಕಂಪನಿಯ ಹಂಗಿನಲ್ಲೂ ಅಲ್ಲ. ನನ್ನ ಪಿಯುಸಿ ಗೆಳತಿ ಆಖೆನ್‌ನಲ್ಲಿ ಓದುತ್ತಿದ್ದಾಳೆ. ಕ್ರಿಸ್‌ಮಸ್ ರಜೆಗೆ ಶಿರಸಿಗೆ ಬಂದಾಗ ಅಡುಗೆಮನೆಯ ಮಣೆ ಮೇಲೆ ಕೂತು ಮೊಬೈಲಲ್ಲೇ ತನ್ನ ಫೋಲ್ಡರ್ ತೆಗೆದು ತೋರಿಸಿದಳು. ಅಲ್ಲಿ ಅವಳಿಗೆ ಅದು ಹೇಳಿಕೊಳ್ಳುವ ವಿಷಯವೇ ಅಲ್ಲ. ನಾನು ಹೊಟ್ಟೆ ಉರಿದುಕೊಂಡು ನೋಡಿದೆ.

ನಮ್ಮಲ್ಲೂ ತಂತಿ ಇಲ್ಲದೆ ಇಲ್ಲ. ನ್ಯಾಷನಲ್ ನಾಲೆಡ್ಜ್ ನೆಟ್‌ವರ್ಕಿಗೆ 2010ರಲ್ಲೇ ಒಪ್ಪಿಗೆ ಸಿಕ್ಕಿ ದೇಶದ ವಿಶ್ವವಿದ್ಯಾಲಯಗಳ ನಡುವೆ ವೇಗದ ಫೈಬರ್ ಬಂದಿದೆ. ಮನೆಯಿಂದಲೇ ಸಂಶೋಧನಾ ಪತ್ರಿಕೆ ಓದಲು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಸಂಸ್ಥೆ ಇನ್‌ಫ್ಲಿಬ್‌ನೆಟ್, ಇನ್‌ಫೆಡ್ ಅಂತ ಒಂದು ವ್ಯವಸ್ಥೆ ಮಾಡಿದೆ. ಅದರಲ್ಲಿ ವಿಶ್ವವಿದ್ಯಾಲಯದ ಲಾಗಿನ್ನೇ ಸಾಕು. ಬೇರೆಯವರು ಬರೆದ ಪ್ರಬಂಧವನ್ನು ಗುಡ್ಡದ ಮೇಲೆ ಕೂತು ಓದಬಹುದು. ನಾನು ಬರೆದದ್ದಕ್ಕೆ ಮಾತ್ರ ಬಸ್ಸು ಹತ್ತಬೇಕು.

ಇನ್ನು ಮುಗಿಸಿ ಹೊರಡುವ ಹೊತ್ತು. ಪ್ರಬಂಧ ಸಲ್ಲಿಸಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ಹಿಡಿದು ಲೈಬ್ರರಿ, ಹಾಸ್ಟೆಲ್, ಮೆಸ್ ಎಲ್ಲ ಸುತ್ತುತ್ತೇವೆ. ಕೊನೆಗೆ ಗಣಕ ಕೇಂದ್ರದ ಸೀಲ್. ಆ ಸೀಲ್ ಬಿದ್ದ ದಿನವೇ ಖಾತೆ ಬಂದ್. ಕಳೆದ ವರ್ಷ ನಮ್ಮ ಸೀನಿಯರ್ ಒಬ್ಬರು ಬೆಳಿಗ್ಗೆ ಸೀಲ್ ಹಾಕಿಸಿಕೊಂಡು ಮಧ್ಯಾಹ್ನ ಫೈಲ್ ತೆಗೆಯಲು ಬಂದರು. ಐದು ವರ್ಷದ ಕೆಲಸ ಆಗಲೇ ಒಳಗೆ ಸಿಕ್ಕಿಹಾಕಿಕೊಂಡಿತ್ತು. ಪುಣ್ಯಕ್ಕೆ ಅಳಿಸಿರಲಿಲ್ಲ, ಮೂರು ಅರ್ಜಿ ಕೊಟ್ಟ ಮೇಲೆ ವಾಪಸ್ ಸಿಕ್ಕಿತು. ಬಾಡಿಗೆ ಮನೆ ಓನರ್ ಕೂಡ ಖಾಲಿ ಮಾಡಲು ತಿಂಗಳು ಟೈಮ್ ಕೊಡುತ್ತಾರೆ ಸರ್. ಇಲ್ಲಿ ಕನಿಷ್ಠ ಆರು ತಿಂಗಳು ಬಿಡಿ, ಮುಚ್ಚುವ ಮೊದಲು ಎರಡು ಸಲ ಫೋನಿಗೆ ಮೆಸೇಜ್ ಹಾಕಿ. ಪರೀಕ್ಷಾ ಶುಲ್ಕ ಕಟ್ಟಿ ಅಂತ ಹಾಕುತ್ತೀರಲ್ಲ, ಅದೇ ನಂಬರಿಗೆ.

ನಾನು ಮೊದಲು ಕೇಳುವುದು ಸಂಶೋಧನಾ ವಿದ್ಯಾರ್ಥಿಗಳಿಗೆ ವಿಪಿಎನ್. ಅದು ಒಂದು ವಾರದ ಕೆಲಸ ಅಂತ ಆ ಒಳ್ಳೆಯ ಸರ್ರೇ ಒಪ್ಪಿಕೊಂಡರು, ಮೇಲಿನಿಂದ ಒಂದು ಕಾಗದ ಬರಬೇಕಷ್ಟೇ ಅಂದರು. ಮೊಬೈಲಿಗೆ ಬರುವ ಓಟಿಪಿಯನ್ನೂ ಜೊತೆಗಿಡಿ, ನಮಗೇನೂ ತೊಂದರೆ ಇಲ್ಲ. ಉಳಿದದ್ದಕ್ಕೆ ದುಡ್ಡು, ಟೆಂಡರ್, ಸಿಂಡಿಕೇಟ್ ಎಲ್ಲ ಬೇಕು ಅಂತ ಗೊತ್ತು, ಅದಕ್ಕೆ ಕಾಯಬಹುದು. ಅಲ್ಲಿಯವರೆಗೆ ಲ್ಯಾಬಿನ ಗೋಡೆಯ ಆ ಲ್ಯಾಮಿನೇಟೆಡ್ ಹಾಳೆಯ ಕೆಳಗೆ ಸ್ಕೆಚ್ ಪೆನ್ನಿನಲ್ಲಾದರೂ ಒಂದು ಸಾಲು ಬರೆಸಿ: ಇದು ಹೊರಗಿಂದ ತೆರೆಯುವುದಿಲ್ಲ.

ನನ್ನ ಖಾತೆ ಮುಗಿಯಲು ಇನ್ನು ನಾಲ್ಕು ತಿಂಗಳಿದೆ. ಅಷ್ಟರೊಳಗೆ 38 ಜಿಬಿಯನ್ನೂ ಒಮ್ಮೆ ಪೂರ್ತಿ ಇಳಿಸಿಕೊಂಡು, ಒಂದೊಂದೇ ಫೈಲ್ ಸರಿಯಿದೆಯಾ ಅಂತ ನೋಡಬೇಕು. ಎಡಗಡೆ ಬೆಂಚಿನಲ್ಲಿ ಒಳ್ಳೆಯ ದಿನ 4 ಎಂಬಿಪಿಎಸ್ ಸಿಗುತ್ತದೆ. ಲೆಕ್ಕ ಹಾಕಿದೆ, ಸುಮಾರು 21 ಗಂಟೆ. ಅಂಗಡಿಯವರು ಚಾರ್ಜರ್‌ಗೆ ಪ್ಲಗ್ ಕೊಡುತ್ತೇನೆ ಅಂದಿದ್ದಾರೆ. ಮುಂದಿನ ಎರಡು ಭಾನುವಾರ ಬೆಳಿಗ್ಗೆ ಆರೂವರೆಯಿಂದ ಅಲ್ಲೇ ಇರುತ್ತೇನೆ. ತಮ್ಮಲ್ಲಿ ಯಾರಾದರೂ ಬಂದರೆ ಬೆಂಚಿನಲ್ಲಿ ಜಾಗ ಇದೆ. ಟೀ ನನ್ನ ಲೆಕ್ಕ.

ಇಂತಿ,
ಹಿಂದಿನ ಗೇಟಿನ ಒಬ್ಬ ಸಂಶೋಧನಾ ವಿದ್ಯಾರ್ಥಿನಿ